ಸ್ಕ್ರೀನ್ ನೋಡದೆ ಡಿಜಿಟಲ್ ರೇಡಿಯೋ ಆರಿಸಿದ್ದು: ನನ್ನ ಅನುಭವ

ನಂಗೆ ಆರ್‌ಪಿ, ಅಂದ್ರೆ ರೆಟಿನೈಟಿಸ್ ಪಿಗ್ಮೆಂಟೋಸಾ, ದೃಷ್ಟಿ ನಿಧಾನಕ್ಕೆ ಹೋಗ್ತಾ ಬರೋ ಕಣ್ಣಿನ ಕಾಯಿಲೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಾಗ ಬಸ್ ನಂಬರ್ ಓದೋಷ್ಟು ಕಣ್ಣಿತ್ತು, ಈಗ ಕಿಟಕಿ ಯಾವ ಕಡೆ ಅಂತ ಗೊತ್ತಾದ್ರೆ ಪುಣ್ಯ. ಎದ್ದ ತಕ್ಷಣ ರೇಡಿಯೋ ಬೇಕು ನಂಗೆ, ಭದ್ರಾವತಿ ಆಕಾಶವಾಣಿ ಕೇಳ್ಕೊಂಡು ಬೆಳೆದ ಚಟ ಅದು. ಊರಲ್ಲಿದ್ದ ಹಳೇ ಸೆಟ್‌ನಲ್ಲಿ 675 ಕಿಲೋಹರ್ಟ್ಸ್ ಎಲ್ಲಿದೆ ಅಂತ ಮುಳ್ಳು ನೋಡೋದೇ ಬೇಕಿರ್ಲಿಲ್ಲ, ತಿರುಗಿಸ್ತಾ ಹೋದ್ರೆ ಗೊರಗೊರ ಸಣ್ಣಗಾಗಿ ಮಾತು ಕೇಳ್ತು ಅಂದ್ರೆ ಬಂತು ಅಂತಲೇ ಲೆಕ್ಕ.

ಇಲ್ಲಿ ಡ್ಯಾಬ್, ಅಂದ್ರೆ ಡಿಜಿಟಲ್ ರೇಡಿಯೋದಲ್ಲಿ ಆ ಆಟ ನಡೆಯಲ್ಲ. ಗೊರಗೊರ ಅನ್ನೋದೇ ಇಲ್ಲ, ನಾಬ್ ತಿರುಗಿಸಿದ್ರೆ ಸ್ಕ್ರೀನ್ ಮೇಲೆ ಹೆಸರು ಓಡುತ್ತೆ, ಕೇಳ್ತಿರೋದು ಮಾತ್ರ ಹಳೇ ಸ್ಟೇಷನ್ನೇ, ಒತ್ತಿದಾಗಲೇ ಬದಲಾಗೋದು. ನಾನು ಮೊದಲು ತಗೊಂಡಿದ್ದು ಆನ್‌ಲೈನಲ್ಲಿ ರಿವ್ಯೂ ಕೇಳಿ. ಬಂದ್ಮೇಲೆ ನೋಡಿದ್ರೆ ಒಂದೇ ನಾಬ್, ಅದೂ ಗಾಣದೆತ್ತಿನ ಹಾಗೆ ಸುತ್ತುತ್ತಾನೇ ಇರುತ್ತೆ, ಎಲ್ಲೂ ನಿಲ್ಲಲ್ಲ. ಸರಿ ಅಂತ ಕ್ಲಿಕ್ ಎಣಿಸೋದು ಕಲಿತೆ, ಪಟ್ಟಿ ಎ ಬಿ ಸಿ ಪ್ರಕಾರ ಇರೋದ್ರಿಂದ ಲೆಕ್ಕ ಸುಲಭವಾಗಿತ್ತು. ಒಂದಿನ ಮಗಳು ಆಟೋಸ್ಕ್ಯಾನ್, ಅಂದ್ರೆ ಸ್ಟೇಷನ್‌ಗಳನ್ನ ತಾನೇ ಹುಡುಕೋ ಬಟನ್ ಒತ್ತಿದ್ಲು, ಹೊಸ ಸ್ಟೇಷನ್‌ಗಳು ಮಧ್ಯೆ ಬಂದು ಸೇರ್ಕೊಂಡ್ವು, ಮಾರನೇ ದಿನ ಬೆಳಿಗ್ಗೆ ಆರಕ್ಕೆ ಬಿಬಿಸಿ ರೇಡಿಯೋ 4ರ ನ್ಯೂಸ್ ಬರಬೇಕಾದ ಜಾಗದಲ್ಲಿ ಯಾರೋ ಧಡಬಡ ಡ್ರಮ್ ಬಾರಿಸ್ತಿದ್ರು. ಆಮೇಲೊಂದಿನ ಏನೋ ಜಾಸ್ತಿ ಹೊತ್ತು ಒತ್ತಿಬಿಟ್ಟೆ, ಮೆನು ಒಳಗೆ ಎಲ್ಲೋ ಸಿಕ್ಕಾಕೊಂಡು ಮಗಳು ಬರೋವರೆಗೂ ಮೂರು ದಿನ ಮನೇಲಿ ನಿಶ್ಶಬ್ದ.

ಎರಡನೇ ಸಲ ನಾನೇ ಅಂಗಡಿಗೆ ಹೋದೆ. ಸೌಂಡ್ ಹೆಂಗಿದೆ ಅಂತ ಆಮೇಲೆ, ಮೊದಲು ಪ್ಲಗ್ ಕಿತ್ತು ಕೈಗೆ ಕೊಡಿ ಅಂದೆ. ಬೆರಳಾಡಿಸಿದ್ರೆ ಆನ್ ಬಟನ್ ಬೇರೆ, ವಾಲ್ಯೂಮ್ ಬೇರೆ ಅಂತ ಗೊತ್ತಾಗ್ಬೇಕು, ವಾಲ್ಯೂಮ್ ನಾಬ್ ಎರಡೂ ಕಡೆ ತಡೆದು ನಿಲ್ಬೇಕು. ಟಚ್ ಬಟನ್ ಇರೋದನ್ನ ಅಲ್ಲೇ ಬಿಟ್ಟೆ, ಹುಡುಕೋಕೆ ಅಂತ ಸವರಿದ್ರೇ ಅದು ಕೆಲಸ ಮಾಡಿಬಿಡುತ್ತೆ. ಪ್ರಿಸೆಟ್ ಬಟನ್, ಅಂದ್ರೆ ಒಂದೊಂದು ಸ್ಟೇಷನ್ ಸೇವ್ ಮಾಡಿಡೋ ಬಟನ್, ಉಬ್ಬಿರ್ಬೇಕು, ಮಧ್ಯೆ ಅಂತರ ಇರ್ಬೇಕು. ಆಮೇಲೆ ಪ್ಲಗ್ ಹಾಕಿಸಿ ಒಂದು ಸ್ಟೇಷನ್ ಸೇವ್ ಮಾಡ್ದೆ, ಒತ್ತಿ ಹಿಡಿದಾಗ ಬೀಪ್ ಬಂತಾ ಕೇಳಿದೆ, ಪವರ್ ತೆಗೆದು ಮತ್ತೆ ಹಾಕಿ ನೆನಪಿದೆಯಾ ನೋಡಿದೆ. ಆ ಸೇಲ್ಸ್ ಹುಡುಗ ಪಾಪ, ನಾಲ್ಕು ಸೆಟ್‌ಗೂ ಇದೇ ಮಾಡಿಸಿದೆ, ಆಮೇಲೇ ಒಂದನ್ನ ತಗೊಂಡೆ.

ಮಾತಾಡೋ ರೇಡಿಯೋ ಯಾಕೆ ತಗೊಳ್ಳಿಲ್ಲ ಅಂತ ಎಲ್ರೂ ಕೇಳ್ತಾರೆ. ಪ್ಯೂರ್ ಕಂಪನಿಯ ಸೋನಸ್ ಅಂತ ಒಂದು ಬರ್ತಿತ್ತು, ಸ್ಟೇಷನ್ ಹೆಸರು ಹೇಳುತ್ತೆ, ಹೊಸ ಹೊಸ ಸ್ಟೇಷನ್ ಹುಡುಕೋರಿಗೆ ಅದೇ ಬೇಕು. ನಾನು ಕೇಳೋದು ನಾಲ್ಕೇ: ರೇಡಿಯೋ 4, ವರ್ಲ್ಡ್ ಸರ್ವಿಸ್, ಏಷ್ಯನ್ ನೆಟ್‌ವರ್ಕ್, ಲೆಸ್ಟರ್ ಲೋಕಲ್. ನಾಲ್ಕಕ್ಕೆ ನಾಲ್ಕು ಬಟನ್ ಸಾಕು, ಒಂದನೇದಕ್ಕೆ ಮಾತ್ರ ಉಬ್ಬು ಸ್ಟಿಕ್ಕರ್ ಅಂಟಿಸಿದೀನಿ. ಬೆಂಗಳೂರು ಆಕಾಶವಾಣಿ ಬೇಕಾದ್ರೆ ಫೋನಲ್ಲಿ ಸ್ಕ್ರೀನ್ ಓದಿ ಹೇಳೋ ವಾಯ್ಸ್‌ಓವರ್ ಹಾಕಿ, ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ತೆಗೆದು ಬ್ಲೂಟೂತ್‌ನಲ್ಲಿ ಈ ರೇಡಿಯೋಗೇ ಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಹುಡುಕೋರು ಡ್ಯಾಬ್ ಪ್ಲಸ್ (ಡ್ಯಾಬ್‌ನ ಹೊಸ ರೂಪ) ಇದೆಯಾ ಅಂತ ಕೇಳ್ಕೊಳ್ಳಿ, ಅದಿಲ್ಲದ ಹಳೇ ಸೆಟ್‌ಗಳಲ್ಲಿ ಎಷ್ಟೋ ಸ್ಟೇಷನ್ ಬರೋದೇ ಇಲ್ಲ.

ದುಡ್ಡಿನ ತಾಪತ್ರಯ ಇರೋರು ಬ್ರಿಟಿಷ್ ವೈರ್‌ಲೆಸ್ ಫಾರ್ ದ ಬ್ಲೈಂಡ್ ಫಂಡ್ ಅನ್ನೋ ದತ್ತಿ ಸಂಸ್ಥೆಗೆ ಕೇಳಿ. 1929ರ ಕ್ರಿಸ್‌ಮಸ್ ದಿನ ಚರ್ಚಿಲ್ಲೇ ರೇಡಿಯೋದಲ್ಲಿ ಅದಕ್ಕೆ ದುಡ್ಡು ಕೇಳಿದ್ದ. ಅರ್ಹತೆ ಇದ್ರೆ ಬಳಸೋಕೆ ಸೆಟ್ ಕೊಡ್ತಾರೆ, ನಂಗೆ ಸಂಬಳ ಬರೋದ್ರಿಂದ ನಾನು ಆ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ಯಾರೂ ಹೇಳಿರ್ಲಿಲ್ಲ. ಡ್ಯಾಬ್ ಸ್ವಲ್ಪ ತಡ. ಗಂಟೆಗೆ ಸರಿಯಾಗಿ ರೇಡಿಯೋ 4ರಲ್ಲಿ ಟೈಮ್ ಹೇಳೋ ಆರು ಪಿಪ್ ಸದ್ದು ಬರುತ್ತಲ್ಲ, ನಾನು ಬ್ರೈಲ್ ವಾಚ್ ಮುಚ್ಚಳ ತೆಗೆದು ಮುಳ್ಳು ಮುಟ್ಟಿ ಅದಕ್ಕೇ ಸರಿಮಾಡೋದು. ಅಡುಗೆಮನೇಲಿ ಹಳೇ ಎಫ್‌ಎಂ ಸೆಟ್ ಕೂಡ ಇದೆ, ಅದು ಪಿಪ್ ಹೊಡೆದ ಮೇಲೆ ಡ್ಯಾಬ್ ಸೆಟ್ ಹಿಂದಿನಿಂದ ಅದನ್ನೇ ಹೇಳುತ್ತೆ. ಹಾಗಾಗಿ ವಾಚ್ ವಿಷಯಕ್ಕೆ ಈಗಲೂ ಎಫ್‌ಎಂ ಮಾತೇ ಕೇಳೋದು.