ಬ್ಯಾಂಡ್ ಇಳಿದು ಬ್ಯಾಂಡ್ ಹತ್ತುವ 20 ನಿಮಿಷದಲ್ಲಿ ಉಕ್ರೇನಿನ ಪ್ರಾರ್ಥನೆ: ನನ್ನ ಅನುಭವ

ಬಯಲಲ್ಲಿ, ಪಕ್ಕವಾದ್ಯವಿಲ್ಲದೆ, 40 ಜನರ ಹವ್ಯಾಸಿ ವೃಂದದಿಂದ ಉಕ್ರೇನಿಯನ್ ಹಾಡಿಸೋದು, ಅದೂ ಚೇಂಜ್‌ಓವರ್‌ನಲ್ಲಿ, ಅಂದರೆ ಒಂದು ಬ್ಯಾಂಡ್ ಸಾಮಾನು ಇಳಿಸಿ ಇನ್ನೊಂದು ಹತ್ತಿಸುವ ಹೊತ್ತಿನಲ್ಲಿ. ಆಗದ ಕೆಲಸ ಅಂತ ವೇದಿಕೆಯವರೂ ಹೇಳಿದ್ದರು, ವೃಂದದವರೂ ಹೇಳಿದ್ದರು. 2023 ಮತ್ತು 2024ರ ಬೇಸಿಗೆಯಲ್ಲಿ ಎರಡು ಸಲವೂ ಆಯಿತು. ಇಂಗ್ಲೆಂಡಿನ ಉತ್ತರದ ಸಣ್ಣ ಊರಿನ ಸಂಗೀತ ಹಬ್ಬ, ಸಂಜೆಗೆ ಸುಮಾರು 3,000 ಜನ ಸೇರುತ್ತಾರೆ.

ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರಲ್ಲಿ ದೊಡ್ಡ ಹಬ್ಬಗಳು ಉಕ್ರೇನಿಗಾಗಿ ಏನಾದರೊಂದು ಮಾಡಿದವು. ಗ್ಲಾಸ್ಟನ್‌ಬರಿಯಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿಯ ವಿಡಿಯೊ ಮಾತು, ಉಕ್ರೇನಿನ ಬ್ಯಾಂಡ್ ಕಲುಷ್ ಆರ್ಕೆಸ್ಟ್ರಾ. ಜುಲೈ 31ಕ್ಕೆ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕೆರಿ-ಲಿನ್ ವಿಲ್ಸನ್ ನಡೆಸಿದ ಉಕ್ರೇನಿಯನ್ ಫ್ರೀಡಂ ಆರ್ಕೆಸ್ಟ್ರಾ. ನಮ್ಮಂಥವರಿಗೆ ಅಂಥವರನ್ನು ಕರೆಸುವ ದುಡ್ಡಿಲ್ಲ. ಪರದೆಯ ಮೇಲೆ ಬಾವುಟ ತೋರಿಸಿ ರೆಕಾರ್ಡ್ ಹಾಕಿದರೆ ಜನ ಬಿಯರ್ ತರಲು ಹೋಗುತ್ತಾರೆ. ಕಾರ್ಯಕ್ರಮದ ಸ್ಲಾಟ್ ಕೇಳಿದರೆ ಒಂದು ಬ್ಯಾಂಡ್ ಬಿಡಬೇಕು, ವ್ಯವಸ್ಥಾಪಕರು ಒಪ್ಪಲ್ಲ. ಚೇಂಜ್‌ಓವರ್ ಮಾತ್ರ ಯಾರಿಗೂ ಬೇಡದ ಸಮಯ, ಅದಕ್ಕೆ ಬಾಡಿಗೆ ಇಲ್ಲ.

ನಾವು ಹಾಡುವ ಕೃತಿ ಉಕ್ರೇನಿನ ಸಂಗೀತಕಾರ ಲಿಸೆಂಕೊ 1885ರಲ್ಲಿ ಕವಿ ಕೊನಿಸ್ಕಿಯ ಪದ್ಯಕ್ಕೆ ರಾಗ ಕಟ್ಟಿದ ಪ್ರಾರ್ಥನೆ, ‘ದೊಡ್ಡವನೇ, ಒಬ್ಬನೇ ದೇವರೇ, ನಮ್ಮ ಉಕ್ರೇನನ್ನು ಕಾಪಾಡು’ ಎಂದು ಶುರುವಾಗುವುದು. ಹಕ್ಕುಸ್ವಾಮ್ಯ ಮುಗಿದಿದೆ, ಸುಮಾರು 3 ನಿಮಿಷ, ನಾಲ್ಕು ಧ್ವನಿಭಾಗದ ಸ್ವರಪಟ್ಟಿ ಸುಲಭವಾಗಿ ಸಿಗುತ್ತದೆ. ಅಲ್ಲಿನದೇ ಸಂಗೀತಕಾರ ಸಿಲ್ವೆಸ್ತ್ರೊವ್ 2014ರಲ್ಲಿ ಬರೆದ ಪ್ರಾರ್ಥನೆ ನನಗೆ ಇನ್ನೂ ಇಷ್ಟ, ಆದರೆ ಆ ಮಂದ್ರದ ಪಿಸುಮಾತು ಬಯಲಲ್ಲಿ ಜನರೇಟರ್ ಸದ್ದಿಗೇ ಮುಳುಗಿಹೋಗುತ್ತದೆ.

2022ರ ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಹಿಂದಿನ ರಾಕ್ ಬ್ಯಾಂಡಿನ ಸೆಟ್ಟಿಂಗ್ ಮೈಕ್ ಚಾನೆಲ್‌ಗಳಲ್ಲಿ ಹಾಗೇ ಉಳಿದಿತ್ತು, ಸಣ್ಣ ಸದ್ದನ್ನು ಕತ್ತರಿಸುವ ನಾಯ್ಸ್ ಗೇಟ್ ಆನ್. ಮೆಲ್ಲನೆಯ ಮೊದಲ ಸಾಲನ್ನು ಗೇಟ್ ನುಂಗಿಬಿಟ್ಟಿತು, ಜನರಿಗೆ ಬಾಯಿ ಆಡುವುದಷ್ಟೇ ಕಂಡಿತು. ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಒಂದು ಮನೆ ಇಳಿದಿತ್ತು. ಉಚ್ಚಾರಣೆ ಎಷ್ಟು ಕೆಟ್ಟಿತ್ತೆಂದರೆ ಮುಂದಿನ ಸಾಲಿನಲ್ಲಿದ್ದ ಉಕ್ರೇನಿನ ಹೆಂಗಸರು ಇದು ರಷ್ಯನ್ನಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಕಾಣಿಕೆಯ ಬಕೆಟ್‌ಗೆ ಬಿದ್ದದ್ದು 400 ಪೌಂಡ್ ಆಸುಪಾಸು, ಖರ್ಚು ಅದಕ್ಕಿಂತ ಜಾಸ್ತಿ.

ಉಚ್ಚಾರಣೆ ಕೆಟ್ಟದ್ದು ಇಂಗ್ಲಿಷ್ ಅಕ್ಷರದ ಹಾಳೆಯಿಂದ. ಒಂದೇ ‘ವೈ’ ಅಕ್ಷರವನ್ನು ಒಬ್ಬರು ‘ಐ’ ಅಂದರೆ ಇನ್ನೊಬ್ಬರು ‘ಯಿ’ ಅಂದರು. ಆಮೇಲೆ ನನಗಾಗಿ ಕನ್ನಡದಲ್ಲಿ ಬರೆದುಕೊಂಡೆ, ಅಲ್ಲಿ ದಾರಿ ಕಂಡಿತು. ಉಕ್ರೇನಿಯನ್ನರು ‘г’ ಎಂದು ಬರೆಯುವುದು ರಷ್ಯನ್ನಿನ ‘ಗ’ ಅಲ್ಲ, ಹೆಚ್ಚುಕಡಿಮೆ ನಮ್ಮ ‘ಬಹಳ’ದ ನಡುವಿನ ‘ಹ’. ಹಾಡಿನ ಕೊನೆಗೆ ಬರುವ ‘ಬಹುಕಾಲ ಬಾಳಲಿ’ ಎಂಬ ಹಾರೈಕೆ ‘ಮ್ನೋಹಯ ಲೀತಾ’. ರಷ್ಯನ್ ಚರ್ಚ್ ಸಂಗೀತ ಹಾಡಿ ಪಳಗಿದವರು ಅಭ್ಯಾಸಬಲದಿಂದ ‘ಮ್ನೋಗಯ ಲೇತಾ’ ಅಂದೇಬಿಡುತ್ತಾರೆ. ಅಲ್ಲಿ ಎಡವಿದರೆ ಇಡೀ ಹಾಡು ಹೋದಂತೆ, ಯಾಕೆಂದರೆ ಕೊನೆಗೆ ಕಿವಿಯಲ್ಲಿ ಉಳಿಯುವುದು ಅದೇ. ‘ವ’ ಕೂಡ ನಮ್ಮದೇ, ಇಂಗ್ಲಿಷರ ಹಾಗೆ ತುಟಿಗೆ ಹಲ್ಲು ಒತ್ತಬಾರದು. ದೇಶದ ಹೆಸರು ನಾಲ್ಕು ಅಕ್ಷರ: ಉ-ಕ್ರಾ-ಯಿ-ನ. ಇಂಗ್ಲಿಷರು ಮೂರಕ್ಕೆ ಇಳಿಸಿದರೆ ಒಂದು ಸ್ವರ ಅನಾಥವಾಗುತ್ತದೆ. ‘ಒ’ ಎಲ್ಲಿದ್ದರೂ ‘ಒ’ ಆಗಿಯೇ ಇರಬೇಕು, ರಷ್ಯನ್ನಿನಂತೆ ‘ಅ’ ಕಡೆಗೆ ಜಾರಬಾರದು. ಇಷ್ಟನ್ನೂ ಬಾಯಿಂದ ಬಾಯಿಗೆ, ಪಾಠಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ, ಸ್ವರ ಬಿಟ್ಟು ಬರೀ ಮಾತಾಗಿ ಮೊದಲ ಎರಡು ಅಭ್ಯಾಸ ಮಾಡಿಸಿದೆ. ನಾಲ್ಕೇ ಅಭ್ಯಾಸಕ್ಕೆ ಹಾಳೆ ಬಿಟ್ಟು ಹಾಡಿದರು. ಈ ಸುತ್ತಮುತ್ತ ಇಷ್ಟು ಬೇಗ ಮಾಡಿಸಿದ ಇನ್ನೊಂದು ವೃಂದ ನನಗೆ ಗೊತ್ತಿಲ್ಲ.

ನಲವತ್ತರಲ್ಲಿ ಎಂಟೊಂಬತ್ತು ಜನ ಉಕ್ರೇನಿನಿಂದ ಬಂದವರು, ಹೆಚ್ಚಿನವರು ಮಕ್ಕಳ ಜೊತೆ ಬಂದ ತಾಯಂದಿರು. ಅಭ್ಯಾಸ ಭಾನುವಾರ ಮಧ್ಯಾಹ್ನ, ಅದೇ ಹಾಲ್‌ನಲ್ಲಿ ಮಕ್ಕಳಿಗೆ ಒಂದು ಮೂಲೆ. ಅದಿಲ್ಲದಿದ್ದರೆ ಅವರು ಬರೋದೇ ಇಲ್ಲ. ಅವರನ್ನು ಒಂದೇ ಕಡೆ ನಿಲ್ಲಿಸದೆ ಪ್ರತಿ ಧ್ವನಿಭಾಗಕ್ಕೂ ಇಬ್ಬರಂತೆ ಹಂಚಿ. ಪಕ್ಕದವರ ಉಚ್ಚಾರಣೆ ತಾನಾಗಿ ನೇರವಾಗುತ್ತದೆ. ಅವರ ನಾಡಿನ ಕಸೂತಿ ಅಂಗಿ ಹಾಕಿಕೊಂಡು ಬನ್ನಿ ಎಂದು ನಾವಾಗಿ ಹೇಳಬಾರದು. ಒಪ್ಪಿಗೆಯಿಲ್ಲದೆ ಫೋಟೊ ಬೇಡ, ಕೆಲವರ ಗಂಡಂದಿರು ಇನ್ನೂ ಯುದ್ಧದಲ್ಲಿದ್ದಾರೆ.

ಶ್ರುತಿ ಇಳಿಯೋದಕ್ಕೆ ಒಂದು ಪ್ರಯೋಗ ಮಾಡಿದ್ದೆ. ಮನೆಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಸ-ಪವನ್ನು ಸಣ್ಣಗೆ ಮಾನಿಟರ್‌ಗೆ, ಅಂದರೆ ಹಾಡುವವರ ಕಡೆ ತಿರುಗಿಸಿದ ಸ್ಪೀಕರ್‌ಗೆ, ಬಿಟ್ಟೆ. ಹಾರ್ಮನಿ ಬದಲಾದ ಕಡೆಯೆಲ್ಲ ಷಡ್ಜ ತಿಕ್ಕಾಡಿ ಆಲ್ಟೋಗಳು (ಕೆಳಸ್ವರದ ಹೆಂಗಸರು) ದಾರಿ ತಪ್ಪಿದರು. ಪೆಟ್ಟಿಗೆ ಈಗ ಅಭ್ಯಾಸಕ್ಕಷ್ಟೇ, ಅದೂ ಸಾಲಿನ ಕೊನೆಯಲ್ಲಿ ಎಲ್ಲಿದ್ದೇವೆಂದು ನೋಡಿಕೊಳ್ಳಲು. ಮೂಲಕ್ಕಿಂತ ಅರ್ಧ ಮನೆ ಇಳಿಸಿ ಶುರು ಮಾಡುತ್ತೇವೆ. ವೇದಿಕೆಯ ಮೇಲೆ ಮೊದಲ ಸ್ವರವನ್ನು ಹೇಗೆ ಕೊಡುತ್ತೇನೆಂಬುದು ಮಾತ್ರ ನನ್ನಲ್ಲೇ ಇರಲಿ. ಇನ್ನೊಂದು ವರ್ಷ ಉಕ್ರೇನಿನ ತಂತಿವಾದ್ಯ ಬಂಡೂರ ಸೇರಿಸಿದೆವು. ಅರವತ್ತರ ಆಸುಪಾಸಿನ ತಂತಿಗಳು, ನಮ್ಮ ಸ್ವರಮಂಡಲದ ದೊಡ್ಡಣ್ಣ. ಮುಕ್ಕಾಲು ಗಂಟೆ ಶ್ರುತಿ ಮಾಡಿದ್ದು ಬಿಸಿಲಿಗೆ ಹತ್ತೇ ನಿಮಿಷದಲ್ಲಿ ಹೋಯಿತು.

ಮೈಕ್ ಮೂರು ಸಾಕು, ಸಣ್ಣ ಡಯಾಫ್ರಮ್ ಕಂಡೆನ್ಸರ್, ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವುದು). ಮೂರು ಸಾಲಿನ ವೃಂದ 7 ಮೀಟರ್ ಅಗಲ ಬರುತ್ತದೆ. ಮುಂದಿನ ಸಾಲಿನಿಂದ 80-90 ಸೆಂಟಿಮೀಟರ್ ದೂರ, ತಲೆಗಿಂತ ಎರಡು ಮೂರಡಿ ಎತ್ತರ, ಮೂತಿ ಹಿಂದಿನ ಸಾಲಿನತ್ತ. ಮೈಕ್‌ಗಳ ನಡುವೆ ಎರಡೂವರೆ ಮೀಟರ್, ಅದಕ್ಕಿಂತ ಹತ್ತಿರವಾದರೆ ಧ್ವನಿ ಟೊಳ್ಳಾಗುತ್ತದೆ. ಗಾಳಿಗೆ ತುಪ್ಪಳದ ಕವಚ, 120 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಕಟ್. ಗೇಟ್ ಇಲ್ಲ, ಧ್ವನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಇಲ್ಲ. ವೃಂದದ ಧ್ವನಿಯನ್ನು ವೃಂದದ ಮಾನಿಟರ್‌ಗೆ ಬಿಡಲೇಬೇಡಿ, ಫೀಡ್‌ಬ್ಯಾಕಿನ ಕಿರುಚು ಗ್ಯಾರಂಟಿ. ಮಿಕ್ಸರ್‌ನಲ್ಲಿ ನಮ್ಮದೇ ಸೀನ್, ಅಂದರೆ ನಮ್ಮ ಸೆಟ್ಟಿಂಗ್‌ಗಳೆಲ್ಲ, ಬೆಳಗ್ಗೆಯೇ ಸೇವ್ ಮಾಡಿಸಿಟ್ಟಿರಬೇಕು.

ಮೊದಲ 9 ನಿಮಿಷ ವೇದಿಕೆಯ ತಂಡದವರು ಡ್ರಮ್ ಸಾಗಿಸಿ ಲೈನ್ ಚೆಕ್ (ಮೈಕ್, ಕೇಬಲ್ ಪರೀಕ್ಷೆ) ಮುಗಿಸುತ್ತಾರೆ, ಅಷ್ಟರಲ್ಲಿ ನಾವು ಮುಂದಿನ ಅಂಚಿನಲ್ಲಿ ಸಾಲಾಗಿ ನಿಂತಿರುತ್ತೇವೆ. ಆಮೇಲೆ 6 ನಿಮಿಷ ಯಾರೂ ಒಂದು ಕೇಬಲ್ಲನ್ನೂ ಎಳೆಯುವಂತಿಲ್ಲ. ದೀಪ ಇಳಿಸಿ ಒಂದೂವರೆ ನಿಮಿಷ ಏನೂ ಮಾಡದೆ ಸುಮ್ಮನೆ ನಿಲ್ಲಬೇಕು. ಗದ್ದಲದ ಬ್ಯಾಂಡ್ ಕೇಳಿದ ಕಿವಿಗೆ ಅಷ್ಟು ಹೊತ್ತು ಬೇಕು. ನಿರೂಪಣೆ ನಾಲ್ಕು ವಾಕ್ಯ ದಾಟಬಾರದು. ಬಾವುಟ ಕಟ್ಟಿದರೆ ನೀಲಿ ಮೇಲೆ, ಇದನ್ನು ತಲೆಕೆಳಗು ಕಟ್ಟಿದ ಹಬ್ಬವನ್ನು ನೋಡಿದ್ದೇನೆ. ಆ ರಾತ್ರಿ ಪಟಾಕಿ, ಸೈರನ್ ಎಫೆಕ್ಟ್ ಬೇಡವೆಂದು ಒಪ್ಪಂದದಲ್ಲೇ ಬರೆಸಿ. ಬಾಂಬಿನಡಿ ಬದುಕಿ ಬಂದ ಮಕ್ಕಳು ಆ ಸದ್ದಿಗೆ ಮೇಜಿನಡಿ ಸೇರುತ್ತಾರೆ.

ದುಡ್ಡಿನ ಲೆಕ್ಕ. ಹಾಲ್ 140, ಮಿನಿಬಸ್ 260, ಮೈಕ್ ಬಾಡಿಗೆ 90, ಮುದ್ರಣ 25, ಒಟ್ಟು 500 ಪೌಂಡ್ ಚಿಲ್ಲರೆ. ಬಂದದ್ದು 2023ರಲ್ಲಿ ಸುಮಾರು 2,300, 2024ರಲ್ಲಿ 2,800. ಬಕೆಟ್ ಹಾಡಿನ ಮಧ್ಯೆ ಹೊರಡಬಾರದು, ಕೊನೆಯ ಸ್ವರ ಅಡಗಿದ ಮೇಲೆಯೇ. ಕಾರ್ಡ್ ಯಂತ್ರ ಐದಿದ್ದವು. ಜನಜಂಗುಳಿಯಲ್ಲಿ ಮೊಬೈಲ್ ಸಿಗ್ನಲ್ ಸತ್ತು ಮೊದಲ ವರ್ಷ ಮೂರು ನಿಂತುಹೋದವು, ಈಗ ಟಿಕೆಟ್ ಕೌಂಟರಿನ ವೈಫೈಗೆ ಕಟ್ಟುತ್ತೇವೆ. ಮೊತ್ತ 5 ಪೌಂಡ್‌ಗೆ ಮೊದಲೇ ಹಾಕಿಟ್ಟಿರಿ, ಎಷ್ಟು ಕೊಡಲಿ ಎಂದು ಕೇಳುವಷ್ಟರಲ್ಲಿ ಮೂರು ಜನ ದಾಟಿಹೋಗಿರುತ್ತಾರೆ. ಹಣ ನೋಂದಾಯಿತ ದತ್ತಿ ಸಂಸ್ಥೆಯ ಹೆಸರಲ್ಲೇ ಸೇರಬೇಕು. 30 ಪೌಂಡ್‌ವರೆಗಿನ ನಗದು ಮತ್ತು ಟ್ಯಾಪ್ ಕಾಣಿಕೆಗೆ, ಅರ್ಹತೆ ಇದ್ದರೆ, ಆ ಸಂಸ್ಥೆ ಸರ್ಕಾರದಿಂದ ಶೇ. 25 ಮೇಲುಸೇರಿಕೆ ಪಡೆಯಬಹುದು. ಮೊದಲ ವರ್ಷ ನಾವು ಅದನ್ನು ಕಳೆದುಕೊಂಡೆವು.

ಉಕ್ರೇನಿನ ಇನ್ನೊಬ್ಬ ಸಂಗೀತಕಾರ ಲೆಯೊಂತೊವಿಚ್‌ನ ‘ಶ್ಚೆದ್ರಿಕ್’ ಹಾಡಿ ಎಂದು ಪ್ರತಿ ವರ್ಷ ಕೇಳುತ್ತಾರೆ, ಇಲ್ಲಿಯವರಿಗೆ ಅದು ಕ್ರಿಸ್‌ಮಸ್ ಗಂಟೆಯ ಹಾಡಾಗಿ ಗೊತ್ತು. ಮೂಲದಲ್ಲಿ ಅದು ಗುಬ್ಬಚ್ಚಿಯಂಥ ಕವಲುಬಾಲದ ಹಕ್ಕಿ ಮನೆಗೆ ಹಾರಿಬಂದು ಯಜಮಾನನಿಗೆ ಶುಭ ನುಡಿಯುವ ಹೊಸವರ್ಷದ ಹಾಡು. ಜುಲೈನಲ್ಲಿ ಹಾಡಿಸುವುದಕ್ಕೆ ನಮ್ಮ ಸೊಪ್ರಾನೊ (ಮೇಲುಸ್ವರದ) ಸಾಲಿನ ಇಬ್ಬರು ಉಕ್ರೇನಿಯನ್ನರೂ ಒಪ್ಪಲಿಲ್ಲ. ಅದನ್ನು ಜನವರಿಗೆ, ಚರ್ಚಿನೊಳಗೆ, ಮೈಕ್ ಇಲ್ಲದೆ ಹಾಡಿಸುವುದೆಂದು ಎತ್ತಿಟ್ಟಿದ್ದೇವೆ.