ಪಿನ್‌ಹೋಲ್ ಕ್ಯಾಮೆರಾದ ತೂತು ಮಣ್ಣಲ್ಲಿ ಬೇಡ
ಮಣ್ಣಿನ ಪಿನ್‌ಹೋಲ್ ಕ್ಯಾಮೆರಾ (ಲೆನ್ಸ್ ಬದಲು ಸೂಜಿ ತೂತಿನಿಂದ ಚಿತ್ರ ಹಿಡಿಯುವ ಡಬ್ಬಿ) ಮಾಡುವವರು ಆ ತೂತನ್ನು ಮಣ್ಣಿಗೇ ಚುಚ್ಚಬೇಡಿ. ಅರೆ ಒಣಗಿದಾಗ ರೂಪಾಯಿ ನಾಣ್ಯದಷ್ಟು ಕಿಂಡಿ ಕೊರೆದಿಡಿ. ಸುಟ್ಟ ಮೇಲೆ ಕೂಲ್‌ಡ್ರಿಂಕ್ ಕ್ಯಾನಿನ ತಗಡಿಗೆ 0.3 ಮಿ.ಮೀ. ತೂತು ಮಾಡಿ, ಒಳಗಿನಿಂದ ಕಪ್ಪು ಇನ್ಸುಲೇಷನ್ ಟೇಪಿನಲ್ಲಿ ಅಂಟಿಸಿ. ಒಣಗಿ ಸುಡುವಷ್ಟರಲ್ಲಿ ಮಣ್ಣು ನೂರಕ್ಕೆ ಸುಮಾರು 10ರಷ್ಟು ಕುಗ್ಗುತ್ತದೆ, ಸಣ್ಣ ತೂತನ್ನು ಗ್ಲೇಜ್ (ಮಣ್ಣಿನ ಪಾತ್ರೆಗೆ ಬಳಿಯುವ ಗಾಜಿನಂಥ ಹೊಳಪು ಲೇಪ) ಮುಚ್ಚಿಬಿಡುತ್ತದೆ. ಉಳಿದರೂ ಗೋಡೆ ದಪ್ಪ ಅಲ್ವಾ, ತೂತು ಕೊಳವೆಯಂತಾಗಿ ಚಿತ್ರದ ಅಂಚೆಲ್ಲ ಕಪ್ಪಾಗುತ್ತದೆ. ಒಳಗೂ ಗ್ಲೇಜ್ ಹಚ್ಚಿದ್ದರೆ ತಗಡಿನ ತೂತೂ ಕೈಕೊಡುತ್ತದೆ: ಬೆಳಕು ಒಳಗೇ ಪ್ರತಿಫಲಿಸಿ ಚಿತ್ರ ಮಸುಕು. ಒಳಗೆ ಹೊಳಪಿಲ್ಲದ ಕಪ್ಪು ಪೇಂಟ್ ಬಳಿಯಿರಿ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟೂ ಜಾರುತ್ತದೆ. ಚಿತ್ರದುರ್ಗದ ಕೋಟೆ ಬಂಡೆ ಮೇಲೆ ಜಾಸ್ತಿ ಹೊತ್ತು ಇಡುವುದಾದರೆ ತಗಡಿನ ಸುತ್ತ ಎಂ-ಸೀಲ್ ಮೆತ್ತಿ.