ಕಾರ್ಬನ್ ಫ್ರೇಮಿಗೆ ಕಲ್ಲು ಬಡಿದರೆ ಹಲಸಿನ ಹಣ್ಣಿನ ಹಾಗೆ ತಟ್ಟಿ ನೋಡಿ

ತೀರ್ಥಹಳ್ಳಿ ಕಡೆಯ ಒಂದು ಇಳಿಜಾರಿನಲ್ಲಿ ಕಾರ್ಬನ್ ಫೈಬರ್ ಫ್ರೇಮಿನ ನನ್ನ ಮೌಂಟನ್ ಬೈಕಿನ ಹಿಂದಿನ ಚಕ್ರ ಜಾರಿತು. ಸೈಕಲ್ ಅಡ್ಡ ಬಿದ್ದು ಜಂಬಿಟ್ಟಿಗೆ ಕಲ್ಲಿಗೆ ಬಡಿಯಿತು. ನನಗೆ ಮೊಣಕೈ ತರಚಿತು, ಅಷ್ಟೇ. ಸೈಕಲ್ಲಿನ ಚೈನ್‌ಸ್ಟೇ ಮೇಲೆ, ಅಂದರೆ ಪೆಡಲ್ ಬುಡದಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಕೊಳವೆಯ ಮೇಲೆ, ಉಗುರಿನಷ್ಟು ಉದ್ದದ ಬಿಳಿ ಗೆರೆ ಕಂಡಿತು. ಅಂಗಡಿಯಲ್ಲಿ ತೋರಿಸಿದೆ. ‘ಬಣ್ಣ ಹೋಗಿದೆ ಸಾರ್, ಏನೂ ಆಗಲ್ಲ’ ಅಂದರು. ಎರಡು ವಾರ ಓಡಿಸಿದೆ. ಆಮೇಲೆ ಏರು ಹತ್ತುವಾಗ ಕಿರ್ ಕಿರ್ ಸದ್ದು ಶುರುವಾಯಿತು.

ಆ ಎರಡು ವಾರ ನಾನು ಓಡಿಸಬಾರದಿತ್ತು. ಪೆಟ್ಟು ಬಿದ್ದ ಕಾರ್ಬನ್ ಫ್ರೇಮನ್ನು ಪರೀಕ್ಷೆ ಮಾಡದೆ ಹತ್ತಬೇಡಿ. ಮನೆಗೆ ಎರಡೇ ಕಿಲೋಮೀಟರ್ ಇದ್ದರೂ ತಳ್ಳಿಕೊಂಡೇ ಹೋಗಿ.

ಅಡಿಕೆ ದಬ್ಬೆ ನೋಡಿದವರಿಗೆ ಕಾರ್ಬನ್ ಅರ್ಥವಾಗುವುದು ಸುಲಭ. ದಬ್ಬೆಯ ನಾರು ಉದ್ದಕ್ಕೆ ಓಡುತ್ತದೆ. ಆ ದಿಕ್ಕಿನಲ್ಲಿ ಅದಕ್ಕೆ ಬಲ ಜಾಸ್ತಿ. ಆದರೆ ತುದಿಗೆ ಕತ್ತಿ ಇಟ್ಟು ಒಂದು ಏಟು ಹಾಕಿ, ಸಲೀಸಾಗಿ ಸೀಳುತ್ತದೆ. ಕಾರ್ಬನ್ ಎಳೆಗಳೂ ಹಾಗೇ. ಅದಕ್ಕೇ ಫ್ರೇಮ್ ಮಾಡುವವರು ಎಳೆಗಳ ಪದರಗಳನ್ನು ಬೇರೆ ಬೇರೆ ದಿಕ್ಕಿಗೆ ಒಂದರ ಮೇಲೊಂದು ಹಾಸಿ, ಎಪಾಕ್ಸಿ ಅನ್ನುವ ಅಂಟಿನಲ್ಲಿ ಒಂದು ಮಾಡುತ್ತಾರೆ. ಅಲ್ಯುಮಿನಿಯಂಗೆ ಪೆಟ್ಟು ಬಿದ್ದರೆ ತಗ್ಗಾಗಿ ಕಣ್ಣಿಗೆ ಕಾಣುತ್ತದೆ. ಕಾರ್ಬನ್ನಿನಲ್ಲಿ ಹೊರಗಿನ ಬಣ್ಣ ಸರಿಯಾಗಿದ್ದು ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು.

ಗಾಯ ಎಲ್ಲಿಯವರೆಗೆ ಹೋಗಿದೆ?

ಮೊದಲು ಸೈಕಲ್ ತೊಳೆಯಿರಿ. ನಮ್ಮ ಕೆಮ್ಮಣ್ಣು ಬಿರುಕಿನೊಳಗೆ ಕೂತರೆ ಎಂಥ ಗೆರೆಯೂ ಕಾಣಲ್ಲ. ಒಣಗಿದ ಮೇಲೆ ಕತ್ತಲೆ ಕೋಣೆಗೆ ತಂದು, ಟಾರ್ಚನ್ನು ಕೊಳವೆಗೆ ಒರಗಿಸಿದ ಹಾಗೆ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ಮಾಡಿ. ಉಬ್ಬು ತಗ್ಗು ನೆರಳಾಗಿ ಕಾಣುತ್ತದೆ. ಆಮೇಲೆ ಚೂರು ಹತ್ತಿ ತಗೊಂಡು ಗೆರೆಯ ಮೇಲೆ ಮೆಲ್ಲಗೆ ಎಳೆಯಿರಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಕಾರ್ಬನ್ ನಾರು ಮುರಿದು ಮೇಲೆದ್ದಿದೆ ಅಂತ ಲೆಕ್ಕ. ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ಒಳಗೆ ಹೋದರೆ ಬೇರೆ ಪರೀಕ್ಷೆ ಬೇಕಿಲ್ಲ.

ಇನ್ನು ನಾಣ್ಯದ ಪರೀಕ್ಷೆ. ಹಲಸಿನ ಹಣ್ಣು ಬಲಿತಿದೆಯೋ ಹಣ್ಣಾಗಿದೆಯೋ ಅಂತ ಬೆರಳಲ್ಲಿ ತಟ್ಟಿ ಕೇಳ್ತೀವಿ ಅಲ್ವಾ? ಹಣ್ಣಾಗಿದ್ದರೆ ದಬ್ ದಬ್. ಅದೇ ಕಿವಿ ಇಲ್ಲಿಗೂ ಸಾಕು. ಒಂದು ರೂಪಾಯಿ ನಾಣ್ಯದ ಅಂಚಿನಿಂದ ಗಾಯಕ್ಕೆ ಒಂದು ಗೇಣು ದೂರದಿಂದ ತಟ್ಟುತ್ತಾ ಹತ್ತಿರ ಬನ್ನಿ. ಗಟ್ಟಿ ಇರುವ ಕಡೆ ಟಕ್ ಟಕ್ ಅಂತ ಚುರುಕಾದ ಸದ್ದು. ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ಮಂಕಾದ ಜಾಗದಲ್ಲೆಲ್ಲ ಪೆನ್ಸಿಲ್ಲಿನಿಂದ ಚುಕ್ಕೆ ಇಡಿ. ಕೊಳವೆಯ ದಪ್ಪ ಬದಲಾದ ಕಡೆಯೂ ಸದ್ದು ಬದಲಾಗುತ್ತದೆ. ಅದಕ್ಕೇ ಪೆಟ್ಟು ಬೀಳದ ಇನ್ನೊಂದು ಬದಿಯ ಚೈನ್‌ಸ್ಟೇಯನ್ನೂ ಅದೇ ಜಾಗದಲ್ಲಿ ತಟ್ಟಿ ಹೋಲಿಸಿ. ನನ್ನ ಫ್ರೇಮಿನಲ್ಲಿ ಉಗುರುದ್ದದ ಗೆರೆಯ ಸುತ್ತ ಚುಕ್ಕೆಗಳು ನಾಲ್ಕು ಬೆರಳಗಲ ಹರಡಿದವು. ಅದನ್ನು ನೋಡಿ ಎದೆ ಝಲ್ ಅಂದಿತು.

ರಿಪೇರಿಯೋ, ಹೊಸದೋ?

ಇದನ್ನು ತೀರ್ಮಾನಿಸುವುದು ಗಾಯದ ಜಾಗ. ಬಿರುಕು ಎಷ್ಟು ಉದ್ದ ಅನ್ನುವುದು ಆಮೇಲಿನ ಮಾತು. ಕೊಳವೆಯ ನಡುಭಾಗದಲ್ಲಿ ಆಗಿದ್ದರೆ ರಿಪೇರಿ ಸಾಧ್ಯ. ಹ್ಯಾಂಡಲ್ ಕೂರುವ ಹೆಡ್‌ಟ್ಯೂಬ್, ಪೆಡಲ್ ಕೂರುವ ಬಾಟಮ್ ಬ್ರಾಕೆಟ್, ಸಸ್ಪೆನ್ಷನ್ ಕೀಲುಗಳ ಬೇರಿಂಗ್ ಗೂಡು, ಚಕ್ರದ ಆಕ್ಸಲ್ ಸಿಕ್ಕಿಸುವ ಜಾಗ, ಇಲ್ಲೆಲ್ಲ ಬಿರುಕು ಬಿಟ್ಟಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅಲ್ಟ್ರಾಸೌಂಡ್ ಯಂತ್ರ ಇಟ್ಟುಕೊಂಡು ಕಾರ್ಬನ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಕಳಿಸಿ, ಇಲ್ಲವೇ ಫ್ರೇಮ್ ಬದಲಿಸಿ. ಇಳಿಜಾರಿನಲ್ಲಿ ಹೆಡ್‌ಟ್ಯೂಬ್ ಮುರಿದರೆ ಮೊದಲು ನೆಲಕ್ಕೆ ಬಡಿಯುವುದು ನಿಮ್ಮ ಮುಖ.

ಹಣ ಖರ್ಚು ಮಾಡುವ ಮೊದಲು ವಾರಂಟಿ ಕಾಗದ ಓದಿ. ಬಿದ್ದು ಆದ ಪೆಟ್ಟು ವಾರಂಟಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ಆದರೆ ‘ಕ್ರ್ಯಾಶ್ ರಿಪ್ಲೇಸ್‌ಮೆಂಟ್’ ಅಂತ ಕೆಲವು ಕಂಪನಿಗಳು ಮೊದಲ ಮಾಲೀಕರಿಗೆ ಕಡಿಮೆ ದರದಲ್ಲಿ ಫ್ರೇಮ್ ಕೊಡುತ್ತವೆ. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಾದರೆ ಹಿಂಭಾಗ ಮಾತ್ರ ಬಿಡಿಯಾಗಿ ಸಿಗುತ್ತದಾ ಕೇಳಿ. ಸಿಕ್ಕರೆ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನನ್ನ ಫ್ರೇಮ್ ಹಳೆಯದು, ಬಿಡಿಭಾಗ ಸಿಗಲಿಲ್ಲ. ಅದಕ್ಕೇ ರಿಪೇರಿಗೆ ಇಳಿದೆ.

ರಿಪೇರಿ ಹೇಗೆ?

ಮಳೆಗಾಲದಲ್ಲಿ ಈ ಕೆಲಸ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಬೆಲ್ಟಿಗೂ ಬೂಸಲು ಬರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಗಟ್ಟಿಯಾಗುತ್ತಿರುವ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಪೊರೆ ಕಟ್ಟುತ್ತದೆ. ಅದರ ಮೇಲೆ ಹಾಕಿದ ಮುಂದಿನ ಪದರ ಹಿಡಿಯುವುದೇ ಇಲ್ಲ. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಶುರು ಮಾಡಿ. ಅದಕ್ಕೂ ಮೊದಲು ಫ್ರೇಮನ್ನು ಕೆಲವು ದಿನ ಬೆಚ್ಚಗಿನ ಕೋಣೆಯಲ್ಲಿ ಇಟ್ಟು ಬಿರುಕಿನೊಳಗಿನ ನೀರು ಆರಲು ಬಿಡಿ. ಬಚ್ಚಲ ಒಲೆಯ ಹತ್ತಿರ ಮಾತ್ರ ಬೇಡ. ಅಲ್ಲಿ ಹೊಗೆ, ಮಸಿ, ಆವಿ ಎಲ್ಲ ಇರುತ್ತದೆ.

ಬಣ್ಣವನ್ನು ಮರಳು ಕಾಗದದಿಂದಲೇ ತೆಗೆಯಿರಿ. ಬಣ್ಣ ಕರಗಿಸುವ ರಾಸಾಯನಿಕ ಹಾಕಿದರೆ ಫ್ರೇಮಿನ ಅಂಟೂ ಹಾಳಾಗುತ್ತದೆ. ಕಾರ್ಬನ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್95 ಮಾಸ್ಕ್, ಕನ್ನಡಕ, ಗ್ಲೌಸ್ ಹಾಕಿಕೊಂಡು ಅಂಗಳದಲ್ಲಿ, ನೀರು ಹಚ್ಚಿಕೊಂಡು ಉಜ್ಜಿ. ಆ ಪುಡಿ ಕರೆಂಟನ್ನೂ ಹರಿಸುತ್ತದೆ. ಸ್ವಿಚ್ ಬೋರ್ಡು, ಮೋಟರಿನ ಹತ್ತಿರ ಹಾರಬಾರದು.

ಸಡಿಲವಾದ ಪದರವೆಲ್ಲ ಹೋಗುವವರೆಗೆ ಉಜ್ಜಿ. ಗಾಯದ ನಡುವೆ ಆಳವಾಗಿ, ಅಂಚಿಗೆ ಬರುತ್ತಾ ತೆಳುವಾಗಿ, ಬಾಣಲೆಯಂತೆ ಇಳಿಜಾರು ಬರಬೇಕು. ಪದರಕ್ಕೊಂದರಂತೆ ವರ್ತುಲಗಳು ಕಾಣುತ್ತವೆ. ಎಷ್ಟು ಅಗಲ ಅಂದರೆ, ಗೋಡೆಯ ದಪ್ಪದ ಕನಿಷ್ಠ 20 ಪಟ್ಟು. ಕೊಳವೆಯ ಗೋಡೆ 1.5 ಮಿ.ಮೀ ಇದ್ದರೆ ಗಾಯದ ಅಂಚಿನಿಂದ ಪ್ರತಿ ದಿಕ್ಕಿಗೂ 30 ಮಿ.ಮೀ. ತಾಳ್ಮೆ ಬೇಡುವ ಕೆಲಸ ಇದು. ಇದನ್ನು ಚಿಕ್ಕದು ಮಾಡಿದರೆ ತೇಪೆ ಅಂಚಿನಲ್ಲೇ ಏಳುತ್ತದೆ. ಆಮೇಲೆ ನೀರಿನಲ್ಲಿ ತೊಳೆದು, ಪೂರ್ತಿ ಆರಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ.

ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟು, ಎಂ-ಸೀಲ್ ಇದಕ್ಕಲ್ಲ. ಅವು ಬಿರುಕು ಮುಚ್ಚುತ್ತವೆ, ಭಾರ ಹೊರುವುದಿಲ್ಲ. ಗ್ಲಾಸ್ ಫೈಬರ್ ಬಟ್ಟೆಯೂ ಬೇಡ. ಬಿಗಿತದಲ್ಲಿ ಅದರ ಎಳೆ ಕಾರ್ಬನ್ನಿನ ಮೂರನೇ ಒಂದು ಭಾಗದಷ್ಟೇ. ಕಾರ್ಬನ್ ಬಟ್ಟೆ ಮತ್ತು ಲ್ಯಾಮಿನೇಟಿಂಗ್ ಎಪಾಕ್ಸಿ ತರಿಸಿ. ಎಪಾಕ್ಸಿಯ ರಾಳ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡನ್ನೂ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಚಿಕ್ಕ ತಕ್ಕಡಿಯಲ್ಲಿ ತೂಗಿ. ಕಣ್ಣಳತೆ ಸಾಲದು. ಚಿಕ್ಕ ತುಂಡು ಮೊದಲು, ಅದರ ಮೇಲೆ ಸ್ವಲ್ಪ ದೊಡ್ಡದು, ಹೀಗೆ ಹಾಸುತ್ತಾ ಬನ್ನಿ. ಉಜ್ಜುವಾಗ ಕಂಡ ಎಳೆಗಳ ದಿಕ್ಕನ್ನೇ ಅನುಸರಿಸಿ. ಮೇಲೆ ಪೀಲ್ ಪ್ಲೈ ಅನ್ನುವ ಅಂಟಿಕೊಳ್ಳದ ಬಟ್ಟೆ, ಅದರ ಮೇಲೆ ಸೂಜಿಯಲ್ಲಿ ಚುಚ್ಚಿದ ಪ್ಲಾಸ್ಟಿಕ್ ಹಾಳೆ. ಕೊನೆಗೆ ಹಳೇ ಟ್ಯೂಬನ್ನು ಪಟ್ಟಿ ಕತ್ತರಿಸಿ ಎಳೆದೆಳೆದು ಬಿಗಿಯಾಗಿ ಸುತ್ತಿ. ಹೆಚ್ಚಾದ ಅಂಟು ತೂತುಗಳಿಂದ ಹೊರಗೆ ಬರಬೇಕು. 24 ಗಂಟೆ ಅಲ್ಲಾಡಿಸಬೇಡಿ. ಪೂರ್ತಿ ಬಲ ಬರಲು ಸಾಮಾನ್ಯವಾಗಿ ಒಂದು ವಾರ ಬೇಕು.

ನೇರವಾಗಿ ಫ್ರೇಮಿನ ಮೇಲೆ ಕಲಿಯಬೇಡಿ. ನಾನು ಮೊದಲು ಮುರಿದ ಕಾರ್ಬನ್ ಹ್ಯಾಂಡಲ್‌ಬಾರ್ ತುಂಡಿನ ಮೇಲೆ ಮೂರು ಸಲ ಮಾಡಿ ನೋಡಿದೆ. ಮೊದಲನೆಯ ತೇಪೆ ಉಗುರಿನಲ್ಲಿ ಕಿತ್ತು ಬಂತು.

ಹೊಸ ಫ್ರೇಮ್ ತರುವುದಾದರೆ

ಹಳೆಯದರ ಅಳತೆ ಬರೆದುಕೊಳ್ಳಿ: ಹಿಂದಿನ ಆಕ್ಸಲ್ (ಬೂಸ್ಟ್ ಅನ್ನುವ ಅಳತೆಯದ್ದಾದರೆ 148 ಮಿ.ಮೀ), ಸೀಟ್‌ಪೋಸ್ಟ್ ದಪ್ಪ (30.9 ಅಥವಾ 31.6 ಮಿ.ಮೀ ಹೆಚ್ಚು ಬಳಕೆಯಲ್ಲಿದೆ), ಬಾಟಮ್ ಬ್ರಾಕೆಟ್ ತಿರುಪಿನದ್ದೋ ಒತ್ತಿ ಕೂರಿಸುವುದೋ, ಹೆಡ್‌ಸೆಟ್ ಅಂದರೆ ಹೆಡ್‌ಟ್ಯೂಬಿನ ಬೇರಿಂಗ್, ಹಿಂದಿನ ಶಾಕ್ ಉದ್ದ. ಒಂದು ತಪ್ಪಿದರೂ ನಿಮ್ಮ ಹಳೇ ಭಾಗ ಕೂರುವುದಿಲ್ಲ. ಜೋಡಿಸುವಾಗ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ವ್ರೆಂಚ್ ಬೇಕೇ ಬೇಕು. ಸೀಟ್ ಕ್ಲ್ಯಾಂಪಿಗೆ ಸುಮಾರು 5 ನ್ಯೂಟನ್ ಮೀಟರ್. ಭಾಗದ ಮೇಲೆ ಬರೆದಿದ್ದರೆ ಅದೇ ಅಂತಿಮ. ರಿಪೇರಿ ಸ್ಟ್ಯಾಂಡಿಗೆ ಹಾಕುವಾಗ ಸೀಟ್‌ಪೋಸ್ಟ್ ಹಿಡಿಸಿ, ಫ್ರೇಮಿನ ಕೊಳವೆಯನ್ನಲ್ಲ.

ರಿಪೇರಿ ಆದ ಫ್ರೇಮನ್ನು ಮೊದಲ ವಾರ ಸಪಾಟು ರಸ್ತೆಯಲ್ಲೇ ಓಡಿಸಿ, ಪ್ರತಿದಿನ ನಾಣ್ಯ ತಟ್ಟಿ. ನನ್ನ ತೇಪೆಗೆ ನಾನು ಬಣ್ಣ ಹೊಡೆಸಿಲ್ಲ, ಬಿಸಿಲಿಗೆ ಅಂಟು ಹಾಳಾಗದಂತೆ ಪಾರದರ್ಶಕ ಲೇಪ ಮಾತ್ರ ಕೊಟ್ಟಿದ್ದೇನೆ. ಹೊಸ ಗೆರೆ ಬಂದರೆ ಅವತ್ತೇ ಕಣ್ಣಿಗೆ ಬೀಳಲಿ ಅಂತ.